ಶಶಿಯ ಮಿಲ್ಲು ಮಧ್ಯಾಹ್ನ ನಿಧಾನವಾದದ್ದು

ನನಗೆ ಅನುಮಾನ ಜಾಸ್ತಿ. ಬೇರೆಯವರು ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ. ಹಾಲಿನವನು ನಗುತ್ತಾ ಬಂದರೆ ಹಾಲಿಗೆ ಬೆರಳು ಅದ್ದಿ ನೋಡುತ್ತೇನೆ. ನಗದೆ ಬಂದರೆ ಎರಡು ಸಲ ಅದ್ದುತ್ತೇನೆ. ತಿ. ನರಸೀಪುರದಲ್ಲಿ ಮೂವತ್ತು ವರ್ಷ ಹಿಟ್ಟಿನ ಮಿಲ್ಲು ನಡೆಸಿದವಳಿಗೆ ಅನುಮಾನ ಬರದಿದ್ದರೆ ಅವಳ ತಲೆಯಲ್ಲೇ ಏನೋ ದೋಷವಿರಬೇಕು. ರಾಗಿ ತರುವವರೂ ನನಗೇನೂ ಕಡಿಮೆಯಿಲ್ಲ. ಹೆಮ್ಮಿಗೆಯ ಪುಟ್ಟಮ್ಮ ಎಂಬಾಕೆ ತನ್ನ ರಾಗಿಯನ್ನು ಮಿಷನ್ನಿಗೆ ಸುರಿದ ಮೇಲೆ ಹಿಟ್ಟು ಬೀಳುವ ಕಡೆಯೇ ಕುಕ್ಕುರುಗಾಲಿನಲ್ಲಿ ಕೂತುಬಿಡುತ್ತಾಳೆ. ಕಣ್ಣು ಮಿಟುಕಿಸಿದರೆ ತನ್ನ ಹಿಟ್ಟಿಗೆ ಇನ್ನೊಬ್ಬರ ಹಿಟ್ಟು ಸೇರಿಹೋಗುತ್ತದೆ ಎಂಬ ಭಯ. ನನಗೆ ಅವಳ ಮೇಲೆ ಗೌರವವಿದೆ.

ನಮ್ಮ ಯಜಮಾನರಿಗೆ ಮಾತ್ರ ಅನುಮಾನವೆಂಬುದೇ ಇರಲಿಲ್ಲ. ಮೈಸೂರಿನಲ್ಲಿ ಮೋಟಾರು ಮಾರುವವನು ಅದನ್ನು ಖಾಲಿ ಓಡಿಸಿ ತೋರಿಸಿದ. ಗಾಳಿಯ ಹಾಗೆ ತಿರುಗಿತಂತೆ. ಇವರು ಅಲ್ಲೇ ಲಾರಿಗೆ ಹಾಕಿಸಿಕೊಂಡು ಬಂದರು. ರಾಗಿ ಸುರಿದ ಕೂಡಲೇ ಅದು ನರಳಿತು. "ಕಾಲಿ ಓಡೋದ ನೋಡಿ ಯಾವನಾರಾ ಮೋಟರ್ ತತ್ತಾನಾ? ಒಂದು ಸೇರು ರಾಗಿ ಕಟ್ಕೊಂಡು ಓಗಕ್ಕೆ ಏನಾಗಿತ್ತು ನಿಮ್ಗೆ?" ಎಂದು ಕೇಳಿದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಮೋಟಾರು ಇನ್ನೂ ನರಳುತ್ತಲೇ ಇದೆ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಶಶಿಕಲಾ. ನನ್ನ ಮಗ ಮಹದೇವ ನನ್ನ ಜೊತೆ ಮಿಲ್ಲು ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ದಿನಾ ಬಸ್ಸು ಹತ್ತಿ ನಂಜನಗೂಡಿನ ಕಾಲೇಜೊಂದಕ್ಕೆ ಹೋಗಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಬಂದ ವರ್ಷವೇ ಮನೆಗೂ ಒಂದು ಕಂಪ್ಯೂಟರ್ ತಂದಳು. ಮಿಲ್ಲಿಗೆ ಅಂಟಿಕೊಂಡ ನಡುಮನೆಯಲ್ಲಿ ಅದನ್ನಿಟ್ಟು, ಫೋನಿನ ತಂತಿ ಸಿಕ್ಕಿಸಿ, ಸಂಬಳವಿಲ್ಲದ ಏನೋ ಒಂದು ಕೆಲಸ ಶುರು ಮಾಡಿದಳು. ಸಂಬಳವಿಲ್ಲದ ಕೆಲಸವನ್ನು ಯಾರಾದರೂ ಅಷ್ಟು ಶ್ರದ್ಧೆಯಿಂದ ಮಾಡಿದರೆ ನನಗೆ ಅನುಮಾನ ಬರದೆ ಇರುತ್ತದೆಯೇ? ಕೇಳಿಯೇಬಿಟ್ಟೆ.

"ಅತ್ತೆ, ಅದೂ ಒಂದು ಮಿಲ್ಲೇ ಕಣತ್ತೆ," ಎಂದಳು. "ನಾವು ಬರೆದಿದ್ದು ಕಂಪ್ಯೂಟರ್‌ಗೆ ಹಂಗೇ ಅರ್ಥ ಆಗಲ್ಲ. ಕಂಪೈಲರ್ ಅಂತ ಒಂದಿದೆ, ಅದು ನಮ್ಮ ಬರಹನ ಬೀಸಿ ಹಿಟ್ಟು ಮಾಡಿಕೊಡುತ್ತೆ. ಆಮೇಲೆ ಕಂಪ್ಯೂಟರ್‌ಗೆ ಅರಗುತ್ತೆ. ಈ ಮಿಲ್ಲನ್ನ ದೇಶದೇಶದೋರು ಸೇರಿ ಕಟ್ಟಿದ್ದಾರೆ. ನಾನು ಅದರ ಕಲ್ಲು ಸ್ವಲ್ಪ ಕೊಚ್ಚಿ ಹರಿತ ಮಾಡಿದ್ದೀನಿ."

"ಅವ್ರ ಮಿಲ್ಲಿನ ಕಲ್ಲು ನೀನ್ಯಾಕವ್ವಾ ಕೊಚ್ಚಿಯೆ? ಅವ್ರು ಕೇಳುದ್ರಾ?"

"ಯಾರು ಬೇಕಾದ್ರೂ ಕೊಚ್ಚಬೋದು. ಆದ್ರೆ ಸೇರಿಸಿಕೊಳ್ಳೋದು ಬಿಡೋದು ಉಸ್ತುವಾರಿ ನೋಡೋರಿಗೆ ಬಿಟ್ಟಿದ್ದು."

ಆ ಉಸ್ತುವಾರಿಯವನ ಹೆಸರು ಪೀಟರ್. ಎಲ್ಲಿಯವನೋ, ಶಶಿಯೂ ಅವನ ಮುಖ ಕಂಡವಳಲ್ಲ. ಅವಳ ಕೆಲಸ ಇಷ್ಟೇ: ಬೀಸುವಾಗ ಒಂದೇ ಲೆಕ್ಕವನ್ನು ಎರಡೆರಡು ಸಲ ಮಾಡುವುದನ್ನು ತಪ್ಪಿಸಿದ್ದಳು. ಅಷ್ಟಕ್ಕೇ ಏಳು ತಿಂಗಳು ಹಿಡಿದಿತ್ತು. ಪೀಟರ್ ಬರೆದನಂತೆ: ವೇಗ ಹೆಚ್ಚುತ್ತದೆ ಎಂದು ನೀವು ಹೇಳಿದರೆ ಸಾಲದು, ಹಳೆಯ ಕಂಪೈಲರನ್ನೂ ನಿಮ್ಮ ಹೊಸದನ್ನೂ ಒಂದೇ ಯಂತ್ರದಲ್ಲಿ ಓಡಿಸಿ ಮೂರು ದಿನದ ಅಳತೆ ಕಳಿಸಿ, ಶನಿವಾರ ಸಂಜೆಗೆ ಈ ಸಲ ಸೇರಿಸಿಕೊಳ್ಳುವ ಬಾಗಿಲು ಮುಚ್ಚುತ್ತೇವೆ. ಹೊಗಳಿಕೆಗೆ ಬಗ್ಗದೆ ಅಳತೆ ಕೇಳುವವನು! ಯಜಮಾನರ ಬದಲು ಇವನನ್ನು ಮೋಟಾರು ತರಲು ಕಳಿಸಬೇಕಿತ್ತು ಅನ್ನಿಸಿತು.

ದಸರಾ ರಜೆ. ಗುರುವಾರದಿಂದ ಅಳತೆ. ಮಿಲ್ಲಿನ ಮೋಟಾರು ಹಾಕಿದರೆ ಮನೆಯ ದೀಪವೆಲ್ಲ ಮಂಕಾಗುತ್ತದೆ. ಆದ್ದರಿಂದ ಅಳೆಯುವ ಹೊತ್ತಿನಲ್ಲಿ ಮಿಲ್ಲು ನಿಲ್ಲಿಸಬೇಕೆಂದು ಶಶಿ ಕೇಳಿದಳು. ಮಹದೇವ ನನ್ನ ಮುಖ ನೋಡಿದ. ನಾನು ಒಪ್ಪಿಕೊಂಡೆ. ಪ್ರೀತಿಯಿಂದಲ್ಲ, ಏನು ನಡೆಯುತ್ತದೆಂದು ಹತ್ತಿರದಿಂದ ನೋಡಲು. ಇಪ್ಪತ್ತು ಬಗೆಯ ಪ್ರೋಗ್ರಾಮುಗಳನ್ನು ಬೀಸಿ ಓಡಿಸಿ ಪ್ರತಿಯೊಂದಕ್ಕೂ ಎಷ್ಟು ಹೊತ್ತು ಹಿಡಿಯಿತೆಂದು ಕಂಪ್ಯೂಟರೇ ಬರೆದುಕೊಳ್ಳುತ್ತದೆ. ಬೆಳಿಗ್ಗೆ ಹಳೆಯ ಕಂಪೈಲರಿನದು, ಊಟದ ಮೇಲೆ ಹೊಸದರದು. ಮೊದಲ ಓಟದ ಅಂಕಿ ಮಾತ್ರ ಎಸೆದುಬಿಡುತ್ತಾಳೆ. ಅದ್ಯಾಕೆ ಎಸೆಯುತ್ತಾಳೆಂದು ಕಣ್ಣು ಕಿರಿದು ಮಾಡಿದೆ. ಆಮೇಲೆ ನೆನಪಾಯಿತು, ನಾವೂ ಕಲ್ಲು ಕೊಚ್ಚಿಸಿದ ದಿನ ಮೊದಲ ಪಡಿ ಹಿಟ್ಟನ್ನು ದನಕ್ಕೆ ಹಾಕುತ್ತೇವೆ, ಗಿರಾಕಿಗೆ ಕೊಡುವುದಿಲ್ಲ.

ಬೆಳಿಗ್ಗೆಯೆಲ್ಲ ಶಶಿ ತಾನೇ ಮುಂದೆ ಕೂತಿದ್ದಳು. ಮಧ್ಯಾಹ್ನದ ಓಟ ಶುರು ಮಾಡಿ, ಪರೀಕ್ಷೆಯ ಪೇಪರು ತಿದ್ದಲು ಒಳಗೆ ಹೋಗುವಾಗ ಹೇಳಿದಳು: "ಅತ್ತೆ, ಕೀಬೋರ್ಡು, ಮೌಸು ಯಾರೂ ಮುಟ್ಟದಂಗೆ ನೋಡ್ಕೊಳ್ಳಿ."

ನೋಡಿಕೊಂಡೆ. ನೊಣ ಬಂದರೂ ಓಡಿಸಿದೆ. ಮಿಲ್ಲು ನಿಂತಿದ್ದರೂ ಮೂವತ್ತು ವರ್ಷದ ಹಿಟ್ಟು ಹೆಂಚಿನ ಸಂದಿಯಿಂದ ಉದುರುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಬಟ್ಟೆ ತೊಡದ ಸಾಮಾನಿಲ್ಲ. ಟೀವಿಗೆ ಬಟ್ಟೆ, ಮಿಕ್ಸಿಗೆ ಬಟ್ಟೆ, ರೇಡಿಯೋ ಕೆಟ್ಟು ಎಷ್ಟೋ ವರ್ಷವಾದರೂ ಅದಕ್ಕೂ ಬಟ್ಟೆ. ಕಂಪ್ಯೂಟರಿನ ಡಬ್ಬಕ್ಕೂ ಹಳೆಯ ದಪ್ಪ ಪರದೆಯಲ್ಲಿ ನೆರಿಗೆ ಕೊಟ್ಟು ನಾನೇ ಒಂದು ಹೊಲಿದಿದ್ದೆ. ಅದನ್ನು ನೋಡಿದಾಗಲೆಲ್ಲ ಶಶಿಗೆ ನಗು. "ಕಂಪ್ಯೂಟರ್‌ಗೆ ಲಂಗ ಹೊಲಿದಿದ್ದೀರಲ್ಲತ್ತೆ!" ಎನ್ನುತ್ತಾಳೆ. ಆದ್ದರಿಂದ ಅವಳು ಒಳಗೆ ಹೋದಾಗ ಹೊದಿಸುತ್ತಿದ್ದೆ. ಅವಳ ಬಳೆ ಸದ್ದು ಕೇಳಿದ ಕೂಡಲೇ ತೆಗೆದು ಮಡಿಸಿ ಅದರ ಮೇಲೆ ಕೂರುತ್ತಿದ್ದೆ.

ಗುರುವಾರ ಸಂಜೆ ಅಂಕಿ ನೋಡಿ ಶಶಿಯ ಮುಖ ಇಳಿಯಿತು. ಹೊಸದು ಹಳೆಯದಕ್ಕಿಂತ ನಿಧಾನ! ಶುಕ್ರವಾರವೂ ಹಾಗೆಯೇ. ಬಂದ ಅಂಕಿಯನ್ನು ಆಯಾ ದಿನವೇ ಕಳಿಸಬೇಕಂತೆ, ಕಳಿಸಿದ್ದಳು. ನಾಳೆಯೂ ಹೀಗೇ ಆದರೆ ಸೇರಿಸಿಕೊಳ್ಳುವುದಿಲ್ಲ ಎಂದು ಪೀಟರನ ಪತ್ರ ಬಂತು. ಅಂದು ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಮಹದೇವ ನೀರು ಕುಡಿದು ಕುಡಿದು ಉಂಡ. ನಾನು ಉಣ್ಣಲಿಲ್ಲ.

ಉಪ್ಪಿಗಿಂತ ಹೆಚ್ಚಾಗಿ ಅನುಮಾನ ನನ್ನನ್ನು ಕೊರೆಯುತ್ತಿತ್ತು. ಏಳು ತಿಂಗಳು ಕೊಚ್ಚಿದ ಕಲ್ಲು ಸವೆದ ಕಲ್ಲಿಗಿಂತ ಮಂದ ಬೀಸುವುದೆಂದರೇನು? ಮೊದಲು ಮಹದೇವನನ್ನು ಹಿಡಿದೆ.

"ಲೋ, ಮದ್ಯಾನ ಕದ್ದು ಮೋಟ್ರು ಹಾಕುದ್ಯಾ?"

"ಮೋಟ್ರ ಕದ್ದು ಹಾಕಕ್ಕಾದದ್ದಾ ಅವ್ವಾ? ಪಕ್ಕದೂರು ಸೋಸಲೆಗಂಟ ಕೇಳ್ತದೆ ಅದು!"

ಮಾತು ನಿಜ. ಆಮೇಲೆ ಕರೆಂಟಿನವರ ಮೇಲೆ ಅನುಮಾನ ಪಟ್ಟೆ. ಪುಟ್ಟಮ್ಮ ಎರಡು ದಿನವೂ ಮಧ್ಯಾಹ್ನ ಬಂದು, "ಇನ್ನೂ ಬಾಗ್ಲು ತೆಗ್ದಿಲ್ವಾ?" ಎಂದು ಇಣುಕಿ ಹೋಗಿದ್ದಳು. ಅವಳ ಕಣ್ಣು ಬಿದ್ದಿರಬಹುದೇ ಎಂದೂ ಯೋಚಿಸಿದೆ. ಕೊನೆಗೆ ಪೀಟರನನ್ನೂ ಬಿಡಲಿಲ್ಲ. ಕಾಣದ ಊರಿನಲ್ಲಿ ಕೂತವನು ಫೋನಿನ ತಂತಿಯಲ್ಲಿ ಏನು ಕಳಿಸುತ್ತಾನೋ ಯಾರು ಕಂಡರು?

ಶನಿವಾರ ಬೆಳಿಗ್ಗೆ ಶಶಿಗೆ ಹೇಳಿದೆ: "ನೋಡವ್ವಾ, ಎರಡು ಕಲ್ಲು ತೂಗಿ ನೋಡೋವಾಗ ನಾವು ಸರದಿ ಬದಲಾಯಿಸ್ತೀವಿ. ಯಾವತ್ತೂ ಒಂದ್ನೇ ಮೊದ್ಲು ಓಡ್ಸಲ್ಲ. ಇವತ್ತು ಒಸದ ಒತ್ತಾರೆ ಆಕು, ಅಳೇದ ಮದ್ಯಾನ ಆಕು."

ಅವಳು ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. "ಅಯ್ಯೋ ಅತ್ತೆ, ಇದು ನನಗೆ ಮೊದಲೇ ಹೊಳೀಬೇಕಿತ್ತು," ಎಂದಳು.

ಬೆಳಿಗ್ಗೆ ಹೊಸದು ಕುದುರೆಯ ಹಾಗೆ ಓಡಿತು. ಮಧ್ಯಾಹ್ನ ಅವಳು ಎಂದಿನಂತೆ ಪೇಪರು ತಿದ್ದಲು ಒಳಗೆ ಹೋದಾಗ ಹಳೆಯದು ಕಾಲೆಳೆಯಿತು. ಅಂದರೆ ತಪ್ಪು ಕಂಪೈಲರಿನದಲ್ಲ, ಮಧ್ಯಾಹ್ನದ್ದು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು ತೀರ್ಪು ಕೊಟ್ಟೆ: "ನಾನಾಗ್ಲೇ ಅಂದ್ಕೊಂಡೆ. ಮದ್ಯಾನ ಯಾರೋ ಕೈಯಾಡಿಸ್ತಾವ್ರೆ. ಯಾರು ಅಂತ ಇಡೀಬೇಕು."

ಶಶಿ ಬಗ್ಗಿ ಡಬ್ಬದ ಮೇಲೆ ಕೈಯಿಟ್ಟಳು. ಸರ್ರನೆ ತೆಗೆದಳು.

"ಅತ್ತೆ, ಇದ್ಯಾಕೆ ಹೆಂಚಿನಂಗೆ ಕಾದಿದೆ? ಬೆಳಿಗ್ಗೆ ಹಿಂಗಿರಲಿಲ್ಲ. ಶಾಖ ಜಾಸ್ತಿಯಾದ್ರೆ ಇದು ತಾನೇ ನಿಧಾನ ಆಗಿಬಿಡುತ್ತೆ, ಸುಟ್ಟು ಹೋಗಬಾರ್ದು ಅಂತ. ಗಾಳಿ ಎಲ್ಲಿ ಕಟ್ಟಿಕೊಂಡಿತೋ!"

ನನ್ನ ಕೆಳಗಿದ್ದ ಬಟ್ಟೆ ಇನ್ನೂ ಬೆಚ್ಚಗಿತ್ತು. ಹಿಂದೊಮ್ಮೆ ಮೋಟಾರಿನ ಮೇಲೆ ಗೋಣಿಚೀಲ ಬಿದ್ದು ಅದು ಕಾದು ಏದುಸಿರು ಬಿಟ್ಟದ್ದು ನೆನಪಿಗೆ ಬಂತು. ಆ ಚೀಲ ಹಾಕಿದವರು ಯಾರೆಂದು ಆಗ ಊರೆಲ್ಲ ವಿಚಾರಿಸಿದ್ದೆ. ಸುಮ್ಮನಿದ್ದುಬಿಡಬಹುದಿತ್ತು, ಬಟ್ಟೆಯ ಮೇಲೆ ಕೂತವರನ್ನು ಎಬ್ಬಿಸಿ ನೋಡುವ ಸೊಸೆಯಲ್ಲ ಅವಳು. ಆದರೆ ಗಡಿಯಾರದಲ್ಲಿ ಆಗಲೇ ಎರಡೂವರೆ, ಬಾಗಿಲು ಮುಚ್ಚುವುದು ಸಂಜೆಗೆ.

ಎದ್ದು ನಿಂತೆ. ಬಟ್ಟೆಯನ್ನು ಅವಳ ಕೈಗೆ ಕೊಟ್ಟೆ. "ಕೀಬೋಲ್ಡು, ಮೌಸು ನಾನು ಮುಟ್ಟಿಲ್ಲ ಕಣವ್ವ," ಎಂದೆ. ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಲು ಉಳಿದಿತ್ತು.

ಶಶಿ ಬಟ್ಟೆಯನ್ನು ನೋಡಿದಳು, ಡಬ್ಬವನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಹದೇವ ಓಡಿ ಬಂದು, ಕಾರಣ ತಿಳಿದು, ಅವನೂ ಸೇರಿಕೊಂಡ. ಡಬ್ಬ ಆರುವ ತನಕ ನಾನು ಬೀಸಣಿಗೆ ಹಿಡಿದು ಗಾಳಿ ಹಾಕಿದೆ. ಬೇಡ ಎಂದರೂ ಹಾಕಿದೆ. ಆಮೇಲೆ ಎರಡನ್ನೂ ಮತ್ತೆ ಓಡಿಸಿದಳು. ಆ ದಿನ ಕರೆಂಟು ಒಂದು ಸಲವೂ ಹೋಗಲಿಲ್ಲ. ಅದು ಯಾಕೆಂದು ನನಗೆ ಈಗಲೂ ಅನುಮಾನವಿದೆ.

ಹೊಸದು ಗೆದ್ದಿತು. ಆದರೆ ಹಿಂದಿನ ಎರಡು ದಿನದ ಅಂಕಿ ಯಾಕೆ ಕೆಟ್ಟಿತ್ತೆಂದು ಪೀಟರನಿಗೆ ಕಾರಣ ಹೇಳಬೇಕಲ್ಲ. ಶಶಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಆ ಪತ್ರವನ್ನು ಪೀಟರ್ ಒಬ್ಬನೇ ಅಲ್ಲ, ಆ ಮಿಲ್ಲು ಕಟ್ಟುವ ದೇಶದೇಶದವರೆಲ್ಲ ಓದುತ್ತಾರಂತೆ. ಅದನ್ನು ನನಗೆ ಆಮೇಲೆ ಹೇಳಿದಳು. ಬಾಗಿಲು ಮುಚ್ಚುವ ಮುಂಚೆ ಪೀಟರ್ ಅವಳ ಕೆಲಸವನ್ನು ಸೇರಿಸಿಕೊಂಡ. ಅಳತೆ ಮಾಡುವವರು ಪಾಲಿಸಬೇಕಾದ ನಿಯಮಗಳ ಪಟ್ಟಿಗೂ ಒಂದು ಸಾಲು ಸೇರಿಸಿದ: ಯಂತ್ರದ ಮೇಲೆ ಯಾರಾದರೂ ಬಟ್ಟೆ ಹೊದಿಸಿದ್ದಾರೆಯೇ ನೋಡಿಕೊಳ್ಳಿ.

"ಅದ್ರಲ್ಲಿ ನನ್ ಎಸ್ರು ಆಕವ್ನಾ?" ಎಂದು ಕೇಳಿದೆ.

"ಇಲ್ಲತ್ತೆ, ಇಷ್ಟೇ ಇರೋದು," ಎಂದಳು. ಇಷ್ಟೇ ಇರುವುದನ್ನು ಓದಲು ಮೂರು ಸಲ ನಿಲ್ಲಿಸಿ ನಗಬೇಕೇ?

ಬಟ್ಟೆಯನ್ನು ಬಿಸಾಡಲು ಮನಸ್ಸಾಗಲಿಲ್ಲ. ಮಿಲ್ಲಿನ ತಕ್ಕಡಿಗೆ ಹೊದಿಸಿದೆ, ಧೂಳು ಕೂರದಿರಲಿ ಎಂದು. ಅಂದಿನಿಂದ ಪುಟ್ಟಮ್ಮ ಬಂದಾಗಲೆಲ್ಲ ರಾಗಿ ಚೀಲ ಇಳಿಸುವ ಮುಂಚೆ ಆ ಬಟ್ಟೆಯನ್ನು ಎತ್ತಿ, ಅಡಿಗೆ ಕೈ ಹಾಕಿ, ತಕ್ಕಡಿಯ ತಟ್ಟೆಯನ್ನೆಲ್ಲ ತಡವಿ ನೋಡುತ್ತಾಳೆ. ಮನುಷ್ಯರಿಗೆ ಇಷ್ಟೊಂದು ಅನುಮಾನ ಇರಬಾರದು.