ಎರಡು ಹಾರ್ನಿಗೆ ಒಂದು ತೊಟ್ಟಿಲು

ನಾನು ಅಜ್ಜನಾದೆ! ನೀವು ಯಾರೇ ಇರಿ, ಮೊದಲು ಬಾಯಿ ಸಿಹಿ ಮಾಡಿಕೊಳ್ಳಿ, ಉಳಿದದ್ದು ಆಮೇಲೆ. ಮಗಳಿಗೆ ಹೆಣ್ಣು ಕೂಸು. ನಿನ್ನೆ ತೊಟ್ಟಿಲಿಗೆ ಹಾಕಿ ನೀಲಮ್ಮ ಎಂದು ಹೆಸರಿಟ್ಟೆವು. ನಾನು ಓದಿದ್ದು ನಾಲ್ಕನೇ ಇಯತ್ತೆ, ಮುಂದೆ ಶಹಾಬಾದದ ಕಲ್ಲಿನ ಗಣಿಯೇ ನನ್ನ ಶಾಲೆ. ಹಾಗಾಗಿ ಬರೆಯುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಉದುರಿದರೆ ಕೂಸಿನ ಮುಖ ನೋಡಿ ಹೊಟ್ಟೆಗೆ ಹಾಕಿಕೊಳ್ಳಿ.

ಸಂತೋಷ ಬಂದಾಗ ಮನುಷ್ಯನಿಗೆ ತನ್ನ ಗಂಟಲು ಸಾಲುವುದಿಲ್ಲ. ನನಗೂ ಸಾಲದೆ ಮೈಕ್ ಸೆಟ್ಟು ತರಿಸಿ ಮಾಳಿಗೆಯ ಮೇಲೆ ಹಾರ್ನು ಕಟ್ಟಿಸಿದೆ. ಮಳಖೇಡದ ಬೀಗರಿಗೂ ಸಾಲಿರಲಿಲ್ಲವೆಂದು ಕಾಣುತ್ತದೆ. ಹೆಂಗಸರನ್ನೆಲ್ಲ ಜೀಪಿನ ಹಿಂದೆ ಒತ್ತಿ ಕೂಡಿಸಿ, ಮುಂದೆ ತಮ್ಮ ಮೈಕ್ ಸೆಟ್ಟನ್ನು ಮದುಮಗನಂತೆ ಕೂಡಿಸಿಕೊಂಡು ಬಂದಿದ್ದರು. ಅವರ ಹಾರ್ನು ಎದುರಿನ ಬೇವಿನ ಮರ ಏರಿತು.

"ಕೂಸು ನಮ್ಮ ಮನೆತನದ್ದು. ಹೆಸರು ನಮ್ಮ ಹಾರ್ನಿನಾಗ ಬರಬೇಕು," ಅಂದರು ಬೀಗರು.

"ತೊಟ್ಟಿಲು ನಮ್ಮ ಮನ್ಯಾಗ ಅದಲ್ರಿ," ಅಂದೆ.

"ಹಂಗಾದ್ರ ಊಟಾನೂ ತೊಟ್ಟಿಲಕ್ಕೇ ನೀಡ್ರಿ. ನಾ ಅಂತೂ ತುತ್ತು ಮುಟ್ಟಂಗಿಲ್ಲ."

ಬೀಗರು ಉಣ್ಣದೆ ಎದ್ದು ಹೋದರೆ ಹೆಣ್ಣು ಕೊಟ್ಟವರು ಓಣಿಯಲ್ಲಿ ಮುಖ ತೋರಿಸುವುದು ಹೇಗೆ? ಬಾಣಂತಿ ಕೋಣೆಯಿಂದ ಇಣುಕಿದ ಮಗಳ ಕಣ್ಣು ತುಂಬಿತು. ಎರಡು ಮೈಕ್ ಕಟ್ಟೋಣವೆಂದರೆ ನನ್ನ ಹೆಂಡತಿ, "ಕೂಸಿನ ತಲಿ ಮ್ಯಾಲ ಎರಡೆರಡು ಕಬ್ಬಿಣದ ಗುಂಡು ತೂಗ ಹಾಕ್ತೀರೇನು?" ಎಂದು ಗದರಿದಳು. ಕಡೆಗೆ ಮೈಕಿನವರು ಒಂದೇ ಮೈಕಿನ ತಂತಿಗೆ ಇನ್ನೊಂದು ತಂತಿ ಸುತ್ತಿ ಎರಡೂ ಮಷೀನಿಗೆ ಕೊಟ್ಟರು. ಎರಡೂ ಹಾರ್ನು ಜ್ವರ ಬಂದವರಂತೆ ನರಳಿದವು.

ಅಳಿಯನದು ವಾಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಅತ್ತ ಅಪ್ಪ, ಇತ್ತ ಮಾವ; ಪಾಪ, ಬೆಳಿಗ್ಗೆಯಿಂದ ಇಬ್ಬರಿಗೂ ಬೇರೆ ಬೇರೆ ಹೂಂ ಅನ್ನುತ್ತಿದ್ದ. ಈಗ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದ. ಅದಕ್ಕೆ ಒಳಗೆ ಹೋಗಲು ಒಂದು ದಾರಿ, ಹೊರಗೆ ಬರಲು ಎರಡು.

"ನಿಮ್ಮಿಬ್ಬರ ಸ್ವಭಾವ ಗೊತ್ತಿತ್ತು, ಅದಕ್ಕೇ ಮೊದಲೇ ಮಾಡಿ ಇಟ್ಟೀನ್ರಿ ಮಾವ. ಬರೇ ತಂತಿ ಸುತ್ತಿದ್ರ ಒಬ್ಬರದು ಇನ್ನೊಬ್ಬರು ಎಳ್ಕೋತಾರ. ಇದರಾಗ ಸೆಲ್ ಹಾಕೀನಿ. ಬಂದ ಧ್ವನಿಗೆ ಇದೇ ಜೋರು ಕೊಟ್ಟು ಇಬ್ಬರಿಗೂ ಪೂರಾ ಕಳಸ್ತದ."

"ಒಂದು ರೊಟ್ಟಿ ಇಬ್ಬರಿಗೆ ಹಂಚಿದ್ರ ಇಬ್ಬರಿಗೂ ಪೂರಾ ರೊಟ್ಟಿ ಹೆಂಗ ಬರ್ತದಪ್ಪ?" ಅಂದೆ. ಗಣಿಯಲ್ಲಿ ಎಷ್ಟು ಕಲ್ಲು ಸೀಳಿದವನು ನಾನು! ಸೀಳಿದ ಮೇಲೆ ಎರಡೂ ಪೂರ್ತಿ ಉಳಿದ ಕಲ್ಲು ಕಂಡಿಲ್ಲ.

ಅಳಿಯ ಡಬ್ಬಿ ಜೋಡಿಸಿದ. ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು. ಹೆಂಗಸರು ಅವಳ ಬೆನ್ನಿಗೆ ಗುದ್ದಿದ್ದೂ ಸೇರಿ ಎರಡೂ ಹಾರ್ನಿನಲ್ಲಿ ಬಂತು. ಆದರೂ ಬೀಗರ ಬಿಗುಮಾನ ಇಳಿಯಲಿಲ್ಲ. "ಬಂತೇನೋ ಖರೇ. ನಮ್ಮದು ಸಣ್ಣಗ ಬಂದಂಗಾತು," ಅಂದು ಜೀಪಿನ ಕಡೆ ನೋಡಿದರು.

ನನಗೂ ಅದೇ ಅನುಮಾನ. ಸೋದರತ್ತೆಯ ಕೂಗೇ ಅರ್ಧವಾದರೆ ನನ್ನ ಪಿಸುಮಾತು ಯಾರಿಗೆ ಕೇಳಬೇಕು? ಮೈಕ್ ಇನ್ನೂ ತೊಟ್ಟಿಲ ಮೇಲೇ ತೂಗುತ್ತಿತ್ತು. ಉಕ್ಕಿ ಬಂದ ಪ್ರೀತಿಯಲ್ಲಿ ಬಾಗಿ ಮೊಮ್ಮಗಳಿಗೆ ಹೇಳಿದೆ: "ನಮ್ಮವ್ವಾ, ನಿನಗೊಬ್ಬಾಕಿಗೇ ಹೇಳ್ತೀನಿ. ಈ ಮನಿ ಅಜ್ಜಿ ಹೋಳಿಗಿಗಿಂತ ಮಳಖೇಡದ ಅಜ್ಜಿ ಹೋಳಿಗಿ ಭಾಳ ಮೆತ್ತಗ ಇರ್ತಾವ. ಯಾರ ಮುಂದೂ ಅನಬ್ಯಾಡ."

ಮಾಳಿಗೆಯೂ ಹೇಳಿತು, ಬೇವಿನ ಮರವೂ ಹೇಳಿತು.

"ಪೂರಾ ಬಂತ್ರಿ!" ಬೀಗರು ತೊಡೆ ತಟ್ಟಿಕೊಂಡು ನಕ್ಕರು. "ಈಗ ನೋಡ್ರಿ ಪೂರಾ ಬಂತು! ತಾಟು ಹಾಕ್ರಿ!"

ಸಂಜೆ ಅಂಗಳದಲ್ಲಿ ಎರಡೂ ಮನೆಯವರು, ಎರಡೂ ಮೈಕಿನವರು ಒಂದೇ ಪಂಕ್ತಿಯಲ್ಲಿ ಕುಳಿತೆವು. ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಲ್ಲಿ ಕುಳಿತು ನಗುತ್ತಾ ಉಂಡಳು. ಹೆಂಡತಿ ಎಲ್ಲರಿಗೂ ಹೋಳಿಗೆ ನೀಡುತ್ತ ಬಂದವಳು ನನ್ನ ತಾಟು ದಾಟಿಯೇ ಹೋದಳು.

"ನಿಮಗ ನನ್ನವು ಗಟ್ಟಿ ಆಗ್ತಾವ್ರಿ."

ಬೀಗತಿ ನಗುತ್ತಾ ತಾವು ತಂದಿದ್ದ ಬುತ್ತಿಯಿಂದ ಒಂದು ಹೋಳಿಗೆ ಹಾಕಿದರು. ಕೈ ಹಚ್ಚುವುದರೊಳಗೆ ಹೆಂಡತಿ ತಿರುಗಿ ಬಂದು ಅರ್ಧ ಮುರಿದುಕೊಂಡು ಬಾಯಿಗಿಟ್ಟಳು. ನಿಧಾನ ಅಗಿದಳು. "ಮೆತ್ತಗೇ ಅವ," ಅಂದಳು, "ತುಪ್ಪ ಜಾಸ್ತಿ ಸುರದಾರ, ಅಷ್ಟೇ."

ಕೈಯಲ್ಲಿ ಉಳಿದ ಅರ್ಧ ನೋಡಿಕೊಂಡು ಕೇಳಿದೆ: "ಅಳಿಯಂದ್ರೇ, ಆ ಡಬ್ಬಿ ಒಂದೀಟು ಇತ್ತ ತರ್ರಿ?"

ಅವನು ಬಾಯಿ ತುಂಬ ಹೋಳಿಗೆ ತುಂಬಿಕೊಂಡು ಅಪ್ಪನಿಗೂ ಮಾವನಿಗೂ ಸೇರಿಸಿ ಒಂದೇ ಹೂಂ ಅಂದ. ಏಳಲಿಲ್ಲ.