‘ನೋ’ ಎಂಬ ಪದವನ್ನು ವೆಲ್ಡಿಂಗ್ ಪಠ್ಯಕ್ರಮಕ್ಕೆ ಸೇರಿಸುವ ಬಗ್ಗೆ

ಇಂದ:
ಗುನ್ವೋರ್ ಸ್ಟೊಕ್ಸೆಟ್,
ವೆಲ್ಡರ್ (ಸೋಮವಾರದವರೆಗೆ),
ಹಡಗು ಕಾರ್ಖಾನೆ, ಸ್ಕಾರ್ವಿಕ, ನಾರ್ವೆ.

ಗೆ:
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ವೆಲ್ಡಿಂಗ್ ಕೋರ್ಸಿನ ಮೌಲ್ಯಮಾಪನ ಸಮಿತಿ,
ತಾಂತ್ರಿಕ ಕಾಲೇಜು, ಸ್ಕಾರ್ವಿಕ.

ವಿಷಯ: ಒಂದಕ್ಷರದ ಪದವೊಂದನ್ನು ಕಲಿಸದೇ ಬಿಟ್ಟ ತಪ್ಪನ್ನು ಕಾಲೇಜು ತನ್ನ ಮೇಲೆ ಹಾಕಿಕೊಂಡು, ಇಬ್ಬರ ನೌಕರಿ ಉಳಿಸಿಕೊಡುವ ಕುರಿತು.

ಉಲ್ಲೇಖ: (ಅ) ತಮ್ಮ ಪ್ರಶ್ನಾವಳಿಯ ಪ್ರಶ್ನೆ 7: “ನಮ್ಮಲ್ಲಿ ಪಡೆದ ಶಿಕ್ಷಣ ನಿಮ್ಮನ್ನು ಉದ್ಯೋಗಕ್ಕೆ ಸಿದ್ಧಗೊಳಿಸಿದೆಯೇ? ಒಂದೇ ಪದದಲ್ಲಿ ಉತ್ತರಿಸಿ.”
(ಆ) ಇನ್ನೂ ಏಕೆ ಉತ್ತರಿಸಿಲ್ಲವೆಂದು ಕೇಳಿ ತಾವು ಬರೆದ ಪತ್ರಗಳು.
(ಇ) ಕಾರ್ಖಾನೆಯ ಸುರಕ್ಷತಾಧಿಕಾರಿಯ ವರದಿ.

ಮಾನ್ಯರೇ,

ಮೇಲ್ಕಂಡ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರಿಸಲು ಅರ್ಜಿದಾರಳು ಸಿದ್ಧಳಿದ್ದಾಳೆ. ಆದರೆ ಆ ಪದವೇ ಸದ್ಯ ವಿಚಾರಣೆಯಲ್ಲಿರುವ ಕಾರಣ, ಮೊದಲು ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ಸದರಿ ಅರ್ಜಿದಾರಳು ಬಹುಕಾಲ ಮೀನಿನ ಕಾರ್ಖಾನೆಯಲ್ಲಿ ಕಾಡ್ ಮೀನಿನ ಮುಳ್ಳು ಕಿತ್ತು, ಕೈಗೆ ಹತ್ತಿದ ವಾಸನೆ ಮದುವೆಮನೆಗೆ ಹೋದರೂ ಬಿಡದ್ದರಿಂದ ಬೇಸತ್ತು, ನಲವತ್ತರ ಹೊಸ್ತಿಲಲ್ಲಿ ತಮ್ಮ ಕಾಲೇಜು ಸೇರಿದವಳು. ನಿಂತು, ಮಲಗಿ, ತಲೆಯ ಮೇಲೆ ಕೈಯೆತ್ತಿ ವೆಲ್ಡ್ ಮಾಡುವುದನ್ನು ತಾವು ಚೆನ್ನಾಗಿಯೇ ಕಲಿಸಿದ್ದೀರಿ. ಆ ಬಗ್ಗೆ ದೂರಿಲ್ಲ.

2. ದೂರು ಇರುವುದು ‘ಸಂವಹನ ಕೌಶಲ’ದ ತರಗತಿಯ ಬಗ್ಗೆ. ಅಲ್ಲಿ ವಿದ್ಯಾರ್ಥಿಗಳು ಎದುರುಬದುರು ಕುರ್ಚಿ ಹಾಕಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು, “ನಿನ್ನ ಮಾತು ನನಗೆ ಅರ್ಥವಾಯಿತು” ಎಂದು ಪರಸ್ಪರ ಘೋಷಿಸಿ, ದಾಲ್ಚಿನ್ನಿ ಬನ್ನು ತಿಂದು ಹೊರಬರತಕ್ಕದ್ದಾಗಿತ್ತು. ಬನ್ನು ಚೆನ್ನಾಗಿತ್ತು. ಆದರೆ ಹಡಗಿನ ತಳದಲ್ಲಿ ಇಬ್ಬರು ವೆಲ್ಡರ್‌ಗಳ ನಡುವೆ ಉಕ್ಕಿನ ಗೋಡೆ ಇರುತ್ತದೆ, ಇಬ್ಬರ ಮುಖದ ಮೇಲೂ ಮುಖವಾಡ ಇರುತ್ತದೆ. ಆದ್ದರಿಂದ ಕಣ್ಣಲ್ಲಿ ಕಣ್ಣಿಡುವ ಅವಕಾಶ ಈವರೆಗೆ ಒದಗಿಬಂದಿಲ್ಲ.

3. ಅಲ್ಲದೆ, ಅರ್ಜಿದಾರಳ ತಂಡದಲ್ಲಿ ಅವಳೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಪೋಲೆಂಡಿನವರು. ಈ ವಿಷಯ ಊರಿಗೆಲ್ಲ ಗೊತ್ತು, ಕಾಲೇಜಿಗೆ ಮಾತ್ರ ಗೊತ್ತಿಲ್ಲ. ಹುಟ್ಟಿದ ಊರಿನಲ್ಲೇ ಪರದೇಶಿಯಾದ ಅರ್ಜಿದಾರಳು, ಊಟದ ಕೋಣೆಯಲ್ಲಿ ಎಲ್ಲರೂ ನಕ್ಕ ಮೇಲೆ ತಾನೂ ನಗುತ್ತಿದ್ದಳು, ಸ್ವಲ್ಪ ತಡವಾಗಿ. ಅವಳ ಪಾಡು ನೋಡಲಾರದೆ ಪಕ್ಕಕ್ಕೆ ಬಂದು ಕುಳಿತವನು ಲೇಶೆಕ್. ಗ್ಡಾನ್ಸ್ಕ್ ಕಡೆಯವನು, ಐವತ್ತೈದರ ಆಸುಪಾಸು, ಮುರುಕು ನಾರ್ವೇಜಿಯನ್ ಮಾತನಾಡುತ್ತಾನೆ.

“ಏನಂತೆ? ಯಾಕೆ ನಗ್ತಿದಾರೆ?” ಎಂದು ಅವಳು ಕೇಳಿದಳು.

“ನಿನ್ನ ಬುತ್ತಿ ನೋಡಿ ಕಣೇ. ದಿನಾ ಅದೇ ಒಣ ಬ್ರೆಡ್ಡು, ಅದೇ ಕಂದು ಚೀಸು. ನಿಮ್ಮ ಸಮುದ್ರದಲ್ಲಿ ಕಚ್ಚಾ ಎಣ್ಣೆ ಸಿಕ್ಕಿ ನೀವು ಸಾಹುಕಾರರಾಗಿದ್ದು ನಿಮ್ಮನೆ ಅಡುಗೆಮನೆಗೆ ಇನ್ನೂ ತಿಳಿದಿಲ್ವಾ?” ಎಂದು ಹೇಳಿ, ಉಪ್ಪಿನಲ್ಲಿ ಹುದುಗಿಸಿದ ಸೌತೆಕಾಯಿಯ ಬಾಟಲಿಯನ್ನು ಅವಳ ಮುಂದೆ ಸರಿಸಿದನು. ಅಂದಿನಿಂದ ಆ ಬಾಟಲಿ ಇಬ್ಬರದಾಯಿತು. ಕೆಲಸದ ಮೊದಲ ವಾರವೇ ಮೀನಿನ ಕಾರ್ಖಾನೆಗೆ ಮರಳಲು ಸಿದ್ಧಳಾಗಿದ್ದ ಅರ್ಜಿದಾರಳು ಉಳಿದುಕೊಂಡದ್ದು ಈ ಸೌತೆಕಾಯಿಯ ಕಾರಣದಿಂದ, ತಮ್ಮ ಪ್ರಮಾಣಪತ್ರದ ಕಾರಣದಿಂದಲ್ಲ.

4. ಈಗ ಪದದ ವಿಚಾರ. ನಮ್ಮ ನಾರ್ವೆಯ ಮಾತಿನಲ್ಲಿ ‘ನೋ’ ಎಂದರೆ ‘ಈಗ’. ಪೋಲೆಂಡಿನವರ ಬಾಯಲ್ಲಿ ‘ನೋ’ ಎಂದರೆ ‘ಹೂಂ’. ಇಂಗ್ಲಿಷಿನಲ್ಲಿ ಏನೆಂಬುದು ಸಮಿತಿಗೆ ತಿಳಿದೇ ಇದೆ.

5. ಕಳೆದ ಮಂಗಳವಾರ ಮೀನುಗಾರಿಕೆ ಹಡಗೊಂದರ ತಳದಲ್ಲಿ ಲೇಶೆಕ್ ಉಕ್ಕಿನ ಗೋಡೆಯ ಒಳಬದಿಯಲ್ಲಿದ್ದನು, ಅರ್ಜಿದಾರಳು ಹೊರಬದಿಯಲ್ಲಿದ್ದಳು. ಒಳಗಿನವನು ಗೋಡೆಯಿಂದ ದೂರ ಸರಿದು ಒಪ್ಪಿಗೆ ಕೊಟ್ಟ ಮೇಲೆಯೇ ಹೊರಗಿನವಳು ಕಿಡಿ ಹೊತ್ತಿಸಬೇಕೆಂಬುದು ನಿಯಮ. ಅದರಂತೆ ಅವಳು ಸುತ್ತಿಗೆಯಿಂದ ಬಡಿದು, “ನೋ?” ಎಂದು ಕೂಗಿದಳು. ಅಂದರೆ, ಈಗ ಶುರು ಮಾಡಲೇ? ಒಳಗಿನಿಂದ “ನೋ” ಎಂದು ಉತ್ತರ ಬಂತು. ಅರ್ಜಿದಾರಳು ಶುರು ಮಾಡಿದಳು.

ಲೇಶೆಕ್ ಅದೇ ಗೋಡೆಗೆ ತೋಳು ಆನಿಸಿಕೊಂಡು ನಿಂತಿದ್ದನು. ಜಾಕೆಟ್ಟಿನ ತೋಳು ಸುಟ್ಟಿತು, ಮಣಿಕಟ್ಟಿನ ಮೇಲೆ ಅಂಗಿಯ ಗುಂಡಿಯಷ್ಟು ಬೊಬ್ಬೆ ಎದ್ದಿತು. ಅವನು ಹೊರಬರುತ್ತಾ ಆಡಿದ ಪದಗಳೂ ಪಠ್ಯಕ್ರಮದಲ್ಲಿ ಇರಲಿಲ್ಲ.

“ನೀನೇ ತಾನೆ ‘ಈಗ’ ಅಂದಿದ್ದು?” ಎಂದು ಅರ್ಜಿದಾರಳು ಕೇಳಿದಳು.

“ಎಲ್ಲಿ ಅಂದೆ? ಹೂಂ ಅಂದೆ ಅಷ್ಟೇ! ಕೂಗ್ತಿದೀಯಲ್ಲ, ಕೇಳಿಸ್ತು, ಮುಂದೆ ಹೇಳು ಅಂತ ಹೂಂಗುಟ್ಟಿದೆ!”

“ಹೂಂ ಅನ್ನೋದಾದ್ರೆ ಹೂಂ ಅನ್ಬೇಕಪ್ಪಾ!”

“ಅಂದೆನಲ್ಲೇ, ನೋ ಅಂತ!”

ಲೇಶೆಕ್‌ಗೆ ‘ಈಗ’ ಎಂಬ ಅರ್ಥ ಗೊತ್ತಿಲ್ಲವೆಂದಲ್ಲ. ಆದರೆ ಯಾವ ಭಾಷೆಯಲ್ಲಿ ಎಂದು ಯೋಚಿಸಿ ಹೂಂಗುಟ್ಟುವವರು ಯಾರೂ ಇಲ್ಲ.

6. ಇಷ್ಟರಲ್ಲಿ ಏಣಿಯ ಮೇಲಿದ್ದ ಸುರಕ್ಷತಾಧಿಕಾರಿ ಶ್ರೀ ಟಾರ್ಲ್‌ಟನ್ ಅವರು ಕೆಳಗಿಳಿದರು. ಇಂಗ್ಲೆಂಡಿನವರು, ಬಂದು ಹೆಚ್ಚು ದಿನವಾಗಿಲ್ಲ. “ನಾನೇ ಕಿವಿಯಾರೆ ಕೇಳಿದೀನಿ. ನೀನೂ ಬೇಡ ಅಂದೆ, ಅವನೂ ಬೇಡ ಅಂದ. ಇಬ್ಬರೂ ಬೇಡ ಅಂದ್ಮೇಲೆ ಶುರು ಮಾಡಿದ್ದು ಯಾರು?” ಎಂದು ಕೇಳಿದರು. ಈ ಪ್ರಶ್ನೆಗೆ ಇದುವರೆಗೆ ಸಮರ್ಪಕ ಉತ್ತರ ದೊರೆತಿಲ್ಲ.

7. ಅವರ ವರದಿಯ ಮೇಲೆ ಸೋಮವಾರ ವಿಚಾರಣೆ ಇದೆ. ಲೇಶೆಕ್ ‘ಬೇಡ’ ಎಂದದ್ದು ನಿಜವಾದರೆ, ಅದನ್ನು ಲೆಕ್ಕಿಸದೆ ಕಿಡಿ ಹೊತ್ತಿಸಿದ ಅರ್ಜಿದಾರಳ ಕೆಲಸ ಹೋಗುತ್ತದೆ. ಅವನು ‘ಈಗ’ ಎಂದದ್ದು ನಿಜವಾದರೆ, ಸುಳ್ಳು ಒಪ್ಪಿಗೆ ಕೊಟ್ಟ ಅವನ ಕೆಲಸ ಹೋಗುತ್ತದೆ. ‘ಹೂಂ’ ಎಂಬುದಕ್ಕೆ ನಮೂನೆಯಲ್ಲಿ ಜಾಗವಿಲ್ಲ.

ನಿನ್ನೆ ಲೇಶೆಕ್ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಬಾಟಲಿಯ ಮುಚ್ಚಳ ತೆಗೆಯಲಾರದೆ ಅವಳ ಕೈಗೇ ಕೊಟ್ಟನು.

“‘ಈಗ’ ಅಂದೆ ಅಂತಾನೇ ಹೇಳಿಬಿಡ್ತೀನಿ ಸೋಮವಾರ. ನೀನು ಇಲ್ಲೇ ಹುಟ್ಟಿದವಳು, ಈ ಊರು ಬಿಟ್ಟು ಎಲ್ಲಿಗೆ ಹೋಗ್ತೀಯ? ನನಗಾದ್ರೆ ಹೋಗಿ ಹೋಗಿ ಅಭ್ಯಾಸ.”

“ಸುಮ್ನಿರು ಲೇಶೆಕ್. ನಾನು ಸುಟ್ಟಿದ್ದು ನಿನ್ನ ಕೈನ. ಅದರ ಮೇಲೆ ನಿನ್ನ ಕೆಲಸಾನೂ ಸುಡ್ಲಾ?”

ಇಷ್ಟು ಹೇಳುವಷ್ಟರಲ್ಲಿ ಅರ್ಜಿದಾರಳು ದುಃಖ ಉಕ್ಕಿಬಂದು, ಊಟದ ಕೋಣೆಯಲ್ಲೇ ಎಲ್ಲರೆದುರು ಅತ್ತಳು ಎಂಬುದನ್ನು ವಿಷಾದಪೂರ್ವಕ ತಿಳಿಸಲಾಗಿದೆ. ಆ ದಿನ ಯಾರೂ ನಗಲಿಲ್ಲ.

8. ಆದ್ದರಿಂದ, ಮತ್ತು ಮೇಲಿನ ಎಲ್ಲ ಕಾರಣಗಳಿಂದ, “ಅಪಘಾತಕ್ಕೆ ಕಾರಣ ನಮ್ಮ ಪಠ್ಯಕ್ರಮ; ಹೊರಗೆ ಯಾರ ಜೊತೆ ಕೆಲಸ ಮಾಡಬೇಕಾಗುತ್ತದೆ ಎಂಬುದನ್ನು ನಾವು ಕಲಿಸಲಿಲ್ಲ” ಎಂದು ಕಾಲೇಜಿನ ಮೊಹರು ಒತ್ತಿ ಒಂದು ಸಾಲು ಬರೆದುಕೊಡಬೇಕಾಗಿ ಪ್ರಾರ್ಥನೆ. ಇದರಿಂದ ತಮ್ಮ ಕೋರ್ಸಿಗೆ ಒಂದೆರಡು ಅಂಕ ಕಡಿಮೆಯಾಗಬಹುದು. ಅಂಕ ಕಡಿಮೆಯಾದರೆ ಕಾಲೇಜನ್ನು ಯಾರೂ ಗ್ಡಾನ್ಸ್ಕ್‌ಗೆ ವಾಪಸು ಕಳಿಸುವುದಿಲ್ಲ.

ಬನ್ನು ತಿಂದ ಋಣದೊಂದಿಗೆ, ತಮ್ಮ ಹಾಗೂ ಲೇಶೆಕ್‌ನ ವಿಶ್ವಾಸಿ,
ಗುನ್ವೋರ್ ಸ್ಟೊಕ್ಸೆಟ್

ಲಗತ್ತುಗಳು:
(ಅ) ಸಂವಹನ ಕೌಶಲದಲ್ಲಿ ಅರ್ಜಿದಾರಳಿಗೆ ‘ಅತ್ಯುತ್ತಮ’ ಶ್ರೇಣಿ ನೀಡಿದ ತಮ್ಮ ಪ್ರಮಾಣಪತ್ರ.
(ಆ) ಲೇಶೆಕ್‌ನ ಜಾಕೆಟ್ಟಿನ ಸುಟ್ಟ ಎಡತೋಳು. ಪರಿಶೀಲಿಸಿ ಹಿಂದಿರುಗಿಸತಕ್ಕದ್ದು, ಉಳಿದ ಜಾಕೆಟ್ಟು ಅವನ ಮೈಮೇಲಿದೆ.
(ಇ) ಭರ್ತಿ ಮಾಡಿದ ಪ್ರಶ್ನಾವಳಿ. ಪ್ರಶ್ನೆ 7ಕ್ಕೆ, ಕೇಳಿದಂತೆ ಒಂದೇ ಪದದಲ್ಲಿ ಉತ್ತರ: ನೋ. ಸಮಿತಿಯು ಇದನ್ನು ಯಾವ ಭಾಷೆಯಲ್ಲಿ ಓದಿಕೊಂಡರೂ ಅರ್ಜಿದಾರಳ ಆಕ್ಷೇಪಣೆ ಇಲ್ಲ. ಸೋಮವಾರದೊಳಗೆ ಓದಿಕೊಂಡರೆ ಸಾಕು.