ಇರ್ಬಿದ್ ಥಂಡಿಗೆ ರಾಯದುರ್ಗದ ಕೋಟು

ಮನುಷ್ಯ ತನ್ನ ಬಣ್ಣವನ್ನೋ ಬುದ್ಧಿಯನ್ನೋ ಆಡಿಕೊಂಡರೆ ತಡೆದುಕೊಂಡಾನು, ತನ್ನ ಊರಿನ ಹವೆಯನ್ನು ಆಡಿಕೊಂಡರೆ ತಡೆದುಕೊಳ್ಳಲಾರ. ನಾನಂತೂ ತಡೆದುಕೊಳ್ಳಲಾರೆ. ನಮ್ಮ ರಾಯದುರ್ಗದ ರಸ್ತೆಯನ್ನು ಬೈಯಿರಿ, ನಲ್ಲಿಯನ್ನು ಬೈಯಿರಿ, ನಾನು ಹೊಲಿದ ಜೀನ್ಸ್ ಪ್ಯಾಂಟಿನ ಜಿಪ್ಪು ಕೈಕೊಟ್ಟಿತೆಂದು ನನ್ನನ್ನೇ ಬೈಯಿರಿ, ಟೀ ತರಿಸಿಕೊಡುತ್ತೇನೆ. ಬಿಸಿಲಿನ ತಂಟೆಗೆ ಮಾತ್ರ ಬರಬೇಡಿ. ಹೌದು, ಬೇಸಿಗೆಯಲ್ಲಿ ಬೆಟ್ಟದ ಬಂಡೆಗಳು ಸಂಜೆಯಾದರೂ ಆರುವುದಿಲ್ಲ. ಬಟ್ಟೆ ಒಗೆದು ಹಗ್ಗದ ಮೇಲೆ ಹಾಕಿ ಈ ಕಡೆ ತಿರುಗುವಷ್ಟರಲ್ಲಿ ಒಣಗಿರುತ್ತದೆ. ಅದನ್ನು ದೋಷ ಎನ್ನುವವರು ಜನ್ಮದಲ್ಲಿ ಬಟ್ಟೆ ಒಗೆದಿಲ್ಲ ಎಂದೇ ನನ್ನ ವಾದ. ಒಮ್ಮೆ ಆಷಾಢದ ಗಾಳಿಗೆ ನನ್ನ ಅಂಗಡಿಯ ಬೋರ್ಡು ಹಾರಿ ಎದುರಿನ ಕಿರಾಣಿ ಅಂಗಡಿಯ ಮುಂದೆ ನಿಂತಿತು, ಇಬ್ಬರು ಅಲ್ಲಿಗೇ ಹೋಗಿ ಪ್ಯಾಂಟಿನ ಅಳತೆ ಕೊಡಲು ನಿಂತರು. ಆಗಲೂ ನಾನು ಗಾಳಿಯನ್ನು ಒಂದು ಮಾತು ಅಂದವನಲ್ಲ.

ನನ್ನ ಹೆಂಡತಿ ರತ್ನ ಮಡಕಶಿರದ ಕಡೆಯವಳು. ಅವರದು ರೇಷ್ಮೆ ಮನೆತನ. ಹುಳುವಿಗೆ ಸೆಕೆಯಾಗಬಾರದೆಂದು ಕಿಟಕಿ ಬಾಗಿಲಿಗೆಲ್ಲ ಒದ್ದೆ ಗೋಣಿ ಕಟ್ಟುವ ಜನ. ಹುಳುವಿಗೆ ಮಾಡುವ ಆ ಉಪಚಾರದಲ್ಲಿ ಕಾಲು ಭಾಗವನ್ನೂ ಅಳಿಯನಿಗೆ ಮಾಡಿದ್ದನ್ನು ನಾನು ಕಂಡಿಲ್ಲ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಅವಳು ನಮ್ಮ ಅಂಗಡಿಯ ಬಾಗಿಲಿಗೂ ಒದ್ದೆ ಗೋಣಿ ಕಟ್ಟಿದಳು. ಇದೇನು ಅವಮಾನ ಎಂದು ಕೇಳಿದರೆ, "ನಮ್ಮ ಹುಳಕ್ಕಿಂತ ನೀವೇನು ಕಮ್ಮೀನಾ?" ಎಂದಳು. ಅದು ಪ್ರೀತಿಯೋ ಅಪಹಾಸ್ಯವೋ ಇವತ್ತಿಗೂ ತಿಳಿದಿಲ್ಲ. ಆಮೇಲೆ ಅವಳೂ ಮಷೀನಿನ ಮುಂದೆ ಕೂತಳು. ಇವತ್ತು ಪ್ಯಾಂಟಿನ ಜೇಬು ಕೂರಿಸುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ, ನಾನೂ ಸೇರಿ.

ತೊಂದರೆ ಶುರುವಾದದ್ದು ನಾದಿನಿ ಸುಜಾತಳಿಂದ. ಅವಳು ಜೋರ್ಡಾನ್ ದೇಶದ ಇರ್ಬಿದ್ ಎಂಬ ಊರಿನ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಅವಳ ಫೋನು ಬಂದಾಗಲೆಲ್ಲ ಹವಾವರ್ತಮಾನ. "ಭಾವ, ಇಲ್ಲಿ ಹೊರಗಡೆ ಮಳೆ, ಕೈಕಾಲೆಲ್ಲ ಮರಗಟ್ತೈತೆ" ಎಂದಳು ಒಂದು ಜನವರಿಯಲ್ಲಿ. ಚಳಿಗಾಲದಲ್ಲಿ ಮಳೆ! ನಮ್ಮಲ್ಲಿ ಮಳೆ ಬರುವುದೇ ಅಪರೂಪ, ಬಂದರೂ ಮರ್ಯಾದೆಯಾಗಿ ಮಳೆಗಾಲದಲ್ಲಿ ಬರುತ್ತದೆ. ಚಳಿಯ ಜೊತೆಗೇ ಮಳೆಯನ್ನೂ ಕಳಿಸುವ ಊರು ಎಂಥ ಊರು ಎಂದು ನಾನು ನಕ್ಕೆ. ರತ್ನ ನಗಲಿಲ್ಲ.

ಒಂದು ದಿನ ದಾರ ಕಡಿಯುತ್ತಾ ಹೇಳಿದಳು: "ಏನ್ರೀ, ಸುಜಿ ಕಂಪನೀಲಿ ಹೊಲಿಯೋರನ್ನ ತಗೋತಾರಂತೆ. ಎರಡು ವರ್ಷ ನಾನೂ ಹೋಗಿ ಬರ್ತೀನಿ."

"ಯಾಕ? ಇಲ್ಲೇನು ಕಡಿಮಿ ಆಗೈತಿ?"

"ಕಮ್ಮಿ ಏನಿಲ್ಲ. ಮಡಕಶಿರ ಬಿಟ್ರೆ ರಾಯದುರ್ಗ, ರಾಯದುರ್ಗ ಬಿಟ್ರೆ ಮಡಕಶಿರ. ಮಧ್ಯದಲ್ಲಿ ಬಸ್ಸಿನ ಕಿಟಕಿ ಬಿಟ್ಟು ನಾನೇನು ನೋಡಿದೀನಿ ಹೇಳಿ?"

ನೀನು ಹೋದರೆ ನನಗೆ ದಿನ ಕಳೆಯುವುದಿಲ್ಲ ಎಂದು ಆಗಲೇ ಹೇಳಿಬಿಡಬೇಕಿತ್ತು. ನನಗೆ ಅನಿಸಿದ್ದು ಅಷ್ಟೇ. ಆದರೆ ಬಾಯಿಗೆ ಬಂದದ್ದು, "ಅಲ್ಲಿ ಥಂಡಿ ಭಾಳ ಐತಿ."

ಅಂದಿನಿಂದ ನಾನು ಇರ್ಬಿದ್ ವಿರುದ್ಧ ಯುದ್ಧ ಸಾರಿದೆ. ಬೆಳಿಗ್ಗೆ ಫೋನು ತೆರೆದು ಎರಡೂ ಊರಿನ ಹವೆಯನ್ನು ಅಂಗಡಿಗೆಲ್ಲ ಕೇಳುವಂತೆ ಓದುತ್ತಿದ್ದೆ. ಸುಜಾತ ವಿಡಿಯೋದಲ್ಲಿ ಕಂಡರೆ, "ನೋಡು, ಸ್ವೆಟರ್ ಮ್ಯಾಲ ಸ್ವೆಟರ್ ಹಾಕ್ಯಾಳ, ಪಾಪ" ಎಂದು ಮರುಗುತ್ತಿದ್ದೆ. ಬೆರಳು ಮರಗಟ್ಟಿದರೆ ಸೂಜಿಗೆ ದಾರ ಹೋಗುವುದಿಲ್ಲ, ಮೂಗು ಸೋರುವವರು ಜೇಬು ನೇರ ಕೂರಿಸಲಾರರು ಎಂದೆಲ್ಲ ಹೇಳಿದೆ. ಕೊನೆಗೊಂದು ದಿನ ರತ್ನ ಮಷೀನು ನಿಲ್ಲಿಸಿದಳು.

"ನಿಮ್ಮ ತಕರಾರು ಥಂಡಿ ಒಂದೇನಾ?"

"ಹೂಂ, ಅದೊಂದೇ."

"ಹಂಗಾದ್ರೆ ನನಗೊಂದು ಕೋಟು ಹೊಲಿದುಕೊಡ್ರಿ. ನಿಮ್ಮ ಕೈಲಿ ಆಗ್ದಿದ್ರೆ ಬಿಡಿ, ಹಿಂದೂಪುರದಲ್ಲಿ ರೆಡಿಮೇಡ್ ತಗೋತೀನಿ."

ರೆಡಿಮೇಡ್! ಹುಟ್ಟಿದಂದಿನಿಂದ ಕತ್ತರಿ ಹಿಡಿದ ಮನೆಯಲ್ಲಿ ರೆಡಿಮೇಡ್! ನನ್ನ ಮೈಯೆಲ್ಲ ಉರಿಯಿತು. ಆ ಊರಿನ ಥಂಡಿ ಒಂದು ಕಡೆ, ನನ್ನ ಕೈ ಒಂದು ಕಡೆ, ನೋಡೇಬಿಡೋಣ ಎಂದು ಎದ್ದೆ. ಕುರಿ ಸಾಕುವ ಗೆಳೆಯನಿಂದ ಒಳ್ಳೆಯ ಕರಿ ಕಂಬಳಿ ತಂದೆ. ಹೊರಗೆ ದಪ್ಪ ಜೀನ್ಸು, ನಡುವೆ ಕಂಬಳಿ, ಕಂಬಳಿ ಚುಚ್ಚಬಾರದೆಂದು ಒಳಗೆ ನನ್ನ ಹಳೆಯ ಮೆತ್ತನೆ ಪಂಚೆ. ಸೂಜಿಗಳು ಮುರಿದವು, ಮಷೀನು ನರಳಿತು, ನಾನು ಬಿಡಲಿಲ್ಲ. ಕುತ್ತಿಗೆಗೆ ಪಟ್ಟಿ, ತೋಳಿನ ತುದಿಗೆ ಗುಂಡಿ, ಬೆರಳು ಬೆಚ್ಚಗಿಡಲು ಆಳವಾದ ಜೇಬು. ಕೆಲಸಕ್ಕೆ ಇಳಿದ ಮೇಲೆ ಯಾಕೆ ಹೊಲಿಯುತ್ತಿದ್ದೇನೆ ಎಂಬುದೇ ಮರೆತುಹೋಯಿತು.

ರತ್ನ ಅದನ್ನು ತೊಟ್ಟದ್ದು ಸುಡುಸುಡು ಮಧ್ಯಾಹ್ನ. ಇದ್ದಿಲಿನ ಇಸ್ತ್ರಿ ನಡೆಯುತ್ತಿತ್ತು, ಬೂದಿ ಹಾರಬಾರದೆಂದು ಫ್ಯಾನೂ ಹಾಕಿರಲಿಲ್ಲ. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು, ಮುಖ ಮಾತ್ರ ಅರಳಿತ್ತು. ನಾನು ಸುತ್ತ ತಿರುಗಿ ಭುಜ ಎಳೆದು ನೋಡಿ ಎದೆಯುಬ್ಬಿಸಿ ಹೇಳಿದೆ: "ಹಿಮ ಬಿದ್ರೂ ನಿನಗೇನೂ ಆಗಂಗಿಲ್ಲ, ಬಿಡು."

"ನೀವೇ ಅಂದ್ರಲ್ಲ, ಸಾಕು" ಎಂದಳು ರತ್ನ. ಅವಳು ಗುಂಡಿ ಬಿಚ್ಚುವಾಗ ನನಗೆ ಅರ್ಥವಾಯಿತು. ನನ್ನ ಬಳಿ ಇದ್ದದ್ದು ಒಂದೇ ತಕರಾರು, ಅದನ್ನು ನಾನೇ ನನ್ನ ಕೈಯಾರೆ ಹೊಲಿದು ಮುಚ್ಚಿದ್ದೆ.

ಅವಳು ಹೋಗಿ ಒಂದು ಚಳಿಗಾಲ ಕಳೆಯಿತು. ಕೋಟು ನೋಡಿ ಅಲ್ಲಿ ಅವಳಿರುವ ಕಂಪನಿ ಹಾಸ್ಟೆಲಿನವರೆಲ್ಲ ತಮಗೂ ಬೇಕೆನ್ನುತ್ತಾರಂತೆ. ನಾನು ಹೊಲಿಯುವುದಿಲ್ಲ, ಒಂದನ್ನು ಹೊಲಿದು ಪಟ್ಟದ್ದೇ ಸಾಕು. ಮೊನ್ನೆ ಫೋನಿನಲ್ಲಿ, "ಇಲ್ಲೀಗ ಹವಾ ಚೆನ್ನಾಗೈತೆ ಕಣ್ರೀ, ಅಲ್ಲಿ ಸೆಕೆ ಜಾಸ್ತೀನಾ? ಬಾಗಿಲಿಗೆ ಗೋಣಿ ಕಟ್ಟಿದ್ರಾ?" ಎಂದಳು. ನಮ್ಮೂರಿನ ಹವೆಗೆ ಏನಾಗಿದೆ, ಭೇಷಾಗಿದೆ ಎಂದೆ.

ಈಗಲೂ ಹಾಗೇ ಅನ್ನುತ್ತೇನೆ, ಯಾರು ಬೇಕಾದರೂ ಬರಲಿ ವಾದಕ್ಕೆ. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆಯ ಮೇಲೆ ಮಲಗುವವರು. ಕೋಟಿಗೆ ಕತ್ತರಿಸಿ ಉಳಿದ ಕಂಬಳಿಯ ತುಂಡೊಂದು ನನ್ನ ಬಳಿ ಇದೆ. ಇವತ್ತು ಬೆಳಿಗ್ಗೆ ಪಕ್ಕದ ಮಾಳಿಗೆಯವನು ಬೆವರು ಒರೆಸಿಕೊಳ್ಳುತ್ತಾ, "ಏನ್ರಿ ಇದು, ಮೇ ತಿಂಗಳದಾಗ ಕಂಬಳಿ ಹೊದ್ದೀರಿ?" ಎಂದು ಕೇಳಿದ.

"ನಿಮಗೇನು ಗೊತ್ರಿ ನಮ್ಮೂರ ಹವಾ? ಬೆಳಗಾಮುಂಜಾನೆ ಥಂಡಿ ಭಾಳ ಬೀಳ್ತೈತಿ" ಎಂದು ಗದರಿ, ಮತ್ತೆ ಮುಸುಕೆಳೆದುಕೊಂಡೆ.